ಅರ್ಧ ಮೀಟರ್ ಆಚೆಯ ಗೆರೆ

“ಗುರುಗಳೇ, ನಮ್ಮ ಅಂಗಳವನ್ನು ಎಂದೂ ಕಾಣದವರು ಯಾವುದೋ ದೇಶದಲ್ಲಿ ಕುಳಿತು ಬ್ಯಾಸ್ಕೆಟ್‌ಬಾಲ್ ನಿಯಮ ಬದಲಿಸುತ್ತಾರೆ. ಅವರ ಮಾತನ್ನು ನಾವೇಕೆ ಕೇಳಬೇಕು?” ಎಂದು ಧನಪಾಲ ಕೇಳಿದ. ಅವನು ರೆಫರಿ ಪರೀಕ್ಷೆಗೆ ಓದುತ್ತಿದ್ದ. ಗುರು ಹಳೆಯ ರೆಫರಿ. ಅವರು ನಿಯಮದ ಪುಸ್ತಕ ಮುಚ್ಚಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪೇಂಟರ್ ಇದ್ದ. ಊರಿನ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಗೆರೆ ಬಳಿಯುವವನು ಅವನೇ. ಮೊದಲ ಸಲ ಮೂರಂಕದ ಗೆರೆ ಬಳಿದಾಗ ಜೊತೆಗೆ ಅವನ ಗೆಳೆಯನಿದ್ದ. ಗೆಳೆಯ ರಿಂಗಿನ ಕೆಳಗೆ ಹಗ್ಗದ ತುದಿ ಹಿಡಿದು ನಿಂತ. ಪೇಂಟರ್ ಇನ್ನೊಂದು ತುದಿ ಹಿಡಿದು ಕಮಾನು ಎಳೆದ. ಅದರಾಚೆಯಿಂದ ಚೆಂಡು ಹಾಕಿದರೆ ಮೂರು ಅಂಕ, ಈಚೆಯಿಂದಾದರೆ ಎರಡು. ಬಣ್ಣ ಒಣಗುವವರೆಗೆ ಇಬ್ಬರೂ ಹುರಿಗಡಲೆ ತಿನ್ನುತ್ತಾ, ನಾಯಿಗಳನ್ನು ಓಡಿಸುತ್ತಾ ಕೂತಿದ್ದರು.

ಮುಂದೆ ಗೆಳೆಯ ತೀರಿಕೊಂಡ. ಪೇಂಟರ್ ಪ್ರತಿ ಬೇಸಿಗೆಯಲ್ಲೂ ಅದೇ ಗೆರೆಯ ಮೇಲೆ ಬಣ್ಣ ಬಳಿಯುತ್ತಿದ್ದ. ಬಳಿಯುವಾಗ ಗೆಳೆಯನ ನಗು ಕೇಳಿದಂತಾಗುತ್ತಿತ್ತು.

ಒಂದು ವರ್ಷ ವಿಶ್ವ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಆ ಗೆರೆಯನ್ನು ಅರ್ಧ ಮೀಟರ್ ಆಚೆಗೆ ಸರಿಸಿತು. ಸುದ್ದಿ ದೇಶದ ಸಂಸ್ಥೆಗೆ ಬಂತು, ಅಲ್ಲಿಂದ ರಾಜ್ಯಕ್ಕೆ, ಜಿಲ್ಲೆಗೆ. ಕೊನೆಗೆ ಪತ್ರವಾಗಿ ಪೇಂಟರನ ಕೈ ಸೇರಿತು. ಇಲ್ಲಿಗೆ ಯಾರು ಬಂದು ಅಳೆಯುತ್ತಾರೆ ಎಂದುಕೊಂಡು ಅವನು ಅದನ್ನು ಮಡಿಸಿಟ್ಟ. ಯಾರಿಗೂ ಹೇಳಲಿಲ್ಲ.

ಅವನ ಮಗಳು ಊರಿನ ತಂಡದ ನಾಯಕಿ. ರಾಜ್ಯಮಟ್ಟದ ಪಂದ್ಯದ ಕೊನೆಯ ಗಳಿಗೆಯಲ್ಲಿ ತಂಡ ಮೂರು ಅಂಕ ಹಿಂದಿತ್ತು. ಅವಳು ಎಸೆದಳು. ಚೆಂಡು ರಿಂಗಿನೊಳಗೆ ಬಿತ್ತು. ರೆಫರಿ ಎರಡು ಬೆರಳು ತೋರಿಸಿದ. ಒಂದು ಅಂಕದಿಂದ ಸೋತರು.

“ಅಪ್ಪಾ, ಅಲ್ಲಿ ಗೆರೆ ದೂರ ಇದೆ ಅಂತ ಕಣ್ಣಿಗೆ ಕಂಡಿತ್ತು. ಕಾಲು ಮಾತ್ರ ನಮ್ಮ ಅಂಗಳದ ಜಾಗಕ್ಕೇ ಹೋಯಿತು,” ಎಂದಳು ಮನೆಗೆ ಬಂದ ಮಗಳು.

ಅವನು ಪತ್ರ ತಂದು ಅವಳ ಮುಂದಿಟ್ಟ. ತಲೆ ಎತ್ತಲಿಲ್ಲ.

ಮರುದಿನ ಹಳೆಯ ಗೆರೆಯನ್ನು ಕೆರೆದು ತೆಗೆದ. ನಡುವೆ ಎರಡು ಸಲ ನಿಂತು ಕಣ್ಣೊರೆಸಿಕೊಂಡ. ಹೊಸ ಗೆರೆ ಎಳೆಯಲು ಮಗಳು ರಿಂಗಿನ ಕೆಳಗೆ ನಿಂತಳು.

ಮಾರನೆಯ ವರ್ಷ ಊರಿನ ಸಕ್ಕರೆ ಕಾರ್ಖಾನೆಗೆ ಯಂತ್ರ ಜೋಡಿಸಲು ಪರದೇಶದ ಹೆಂಗಸೊಬ್ಬಳು ಬಂದಳು. ಒಂದು ಸಂಜೆ ತಂಡದ ಹುಡುಗಿಯರು ಆಡುತ್ತಿದ್ದಾಗ ಅಂಗಳಕ್ಕೆ ಬಂದು, ಕೈ ಚಾಚಿ ಚೆಂಡು ಕೇಳಿದಳು. ಅವಳ ಮಾತು ಯಾರಿಗೂ ತಿಳಿಯಲಿಲ್ಲ. ಸೀಟಿ ಊದಿದರೆ ನಿಂತಳು. ಕೈಸನ್ನೆ ಮಾಡಿದರೆ ಚೆಂಡು ಬಿಟ್ಟುಕೊಟ್ಟಳು. ಹೊಸ ಗೆರೆಯಾಚೆ ನಿಂತು ಎಸೆದು ಮೂರು ಬೆರಳೆತ್ತಿ ನಕ್ಕಾಗ ಹುಡುಗಿಯರೂ ಮೂರು ಬೆರಳೆತ್ತಿ ಕೂಗಿದರು. ಗೆಳೆಯ ಇದನ್ನು ನೋಡಬೇಕಿತ್ತು ಎಂದುಕೊಂಡು ಪೇಂಟರ್ ಬಹಳ ಹೊತ್ತು ಅಲ್ಲೇ ಕೂತಿದ್ದ.

ಕತೆ ಮುಗಿಯಿತು. ಧನಪಾಲನಿಗೆ ಸಮಾಧಾನವಾಗಲಿಲ್ಲ.

“ಆದರೂ ಗುರುಗಳೇ, ಹಳೆಯ ಗೆರೆ ಅವರಿಬ್ಬರ ಸ್ವಂತದ್ದಾಗಿತ್ತಲ್ಲ?”

“ಅದೂ ಒಂದು ಕಾಲಕ್ಕೆ ಹೀಗೇ ಪತ್ರದಲ್ಲಿ ಬಂದದ್ದು, ಮಗು,” ಎಂದರು ಗುರು.

ಧನಪಾಲ ಮುಚ್ಚಿಟ್ಟಿದ್ದ ನಿಯಮದ ಪುಸ್ತಕವನ್ನು ಮತ್ತೆ ತೆರೆದ.