ಒಳಕ್ಕೆ ವಾಲಿದ ಮೊಣಕಾಲು

ದಿನವಿಡೀ ವಾರ್ಡಿನಲ್ಲಿ ಓಡಾಡುವ ನರ್ಸ್ ಜೂಲಿಯಾನರ ಬಲ ಮೊಣಕಾಲು ದಣಿದುಹೋಗಿತ್ತು. ಎಷ್ಟು ಎಣ್ಣೆ ತಿಕ್ಕಿದರೂ ಅದು ಒಳಕ್ಕೇ ವಾಲುತ್ತಿತ್ತು. ಒಂದು ಸಂಜೆ ಅದು ಕಾಲಿನ ಹೆಬ್ಬೆರಳನ್ನು ಗದರಿತು: “ನೀನು ನೆಲಕ್ಕೆ ಊರದೆ ಓರೆಯಾಗಿ ಮಲಗಿದ್ದೀಯ. ನಿನ್ನ ಪಾಲಿನ ಭಾರವೂ ನನ್ನ ಮೇಲೇ ಬೀಳುತ್ತಿದೆ.”

“ಅಣ್ಣಾ, ಇಕ್ಕಟ್ಟಾದ ಷೂ ನನ್ನನ್ನು ಪಕ್ಕಕ್ಕೆ ತಳ್ಳಿತು. ಬುಡದಲ್ಲಿ ಗಂಟೆದ್ದಿದೆ, ಊರಿದರೆ ಜೀವ ಹೋಗುತ್ತದೆ,” ಎಂದಿತು ಹೆಬ್ಬೆರಳು. “ನಿನಗೆ ಎಣ್ಣೆ ಹಚ್ಚುವ ಕೈ ನನ್ನವರೆಗೆ ಬರುವುದೇ ಇಲ್ಲ. ನೀನು ಮಡಚಿಕೊಂಡರೆ ತಾನೇ ಬರುವುದು?”

ನೋವಿಗೆ ಹೆದರಿ ಮೊಣಕಾಲು ಮಡಚಿಕೊಳ್ಳುವುದನ್ನೇ ಬಿಟ್ಟಿತ್ತು. ಈಗ ನರಳುತ್ತಲೇ ಮೆಲ್ಲನೆ ಮಡಚಿಕೊಂಡಿತು. ಜೂಲಿಯಾನರ ಕೈ ಕೆಳಗಿಳಿದು ಗಂಟನ್ನು ಮುಟ್ಟಿತು.

“ಅಯ್ಯೋ, ನಿನ್ನನ್ನು ನಾನು ನೋಡೇ ಇರಲಿಲ್ಲವಲ್ಲ!” ಎಂದರು ಅವರು.

ಆ ಕೈ ಹೆಬ್ಬೆರಳನ್ನು ನೀವಿ ಮುಗಿಸುವವರೆಗೂ ಮೊಣಕಾಲು ಮಡಚಿಕೊಂಡೇ ಇತ್ತು.