ತೊಟ್ಟಿಲ ಭಂಡಾರ

ಇಲ್ಲಿಯ ಪುಸ್ತಕ ಈ ಬಾಗಿಲು ದಾಟಬಾರದು. ನಿಯಮ ಇದೊಂದೇ, ಮುರಿಯದವರನ್ನು ಹುಡುಕುವುದು ಕಷ್ಟ. ಕರೇಕಲ್ಲು ಗುಡ್ಡದ ಮೇಲೆ ನಮ್ಮ ವಿಶ್ವವಿದ್ಯಾನಿಲಯ ನಿಂತಿದೆ. ಅದರ ಗ್ರಂಥಾಲಯದ ಹೊಸ ಕಟ್ಟಡ ಗಾಜಿನದು, ಲಿಫ್ಟ್ ಇದೆ. ಆದರೆ ಅದರ ಒಡಲಲ್ಲಿ ಉಳಿಸಿಕೊಂಡಿರುವ ಹಳೆಯ ಕಲ್ಲುಮಂಟಪವನ್ನು ವಿದ್ಯಾರ್ಥಿಗಳಿಂದ ಕುಲಪತಿಗಳವರೆಗೆ ಎಲ್ಲರೂ ತೊಟ್ಟಿಲ ಭಂಡಾರವೆಂದೇ ಕರೆಯುತ್ತಾರೆ. ಓದುವ ಮನೆಗೆ ತೊಟ್ಟಿಲೇಕೆ ಎಂದು ಹೊಸಬರು ಕೇಳುತ್ತಾರೆ. ಕೇಳಲೇಬೇಕು.

ಹಿಂದೆ, ಈ ಸೀಮೆಯನ್ನು ಬಿಲ್ಲಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದಾಗ, ಮಂಟಪದ ತುಂಬ ತಾಳೆಗರಿಯ ಕಟ್ಟುಗಳಿದ್ದವು. ಬೇಕಾದವರು ಇಲ್ಲೇ ಕೂತು ಓದಬೇಕು, ಇಲ್ಲೇ ಪ್ರತಿ ಮಾಡಿಕೊಳ್ಳಬೇಕು. ಆದರೆ ಪಂಡಿತರು ಉತ್ತರೀಯದಲ್ಲಿ ಮುಚ್ಚಿ ಒಯ್ದರು, ಮಂತ್ರಿಗಳು ಮುಚ್ಚದೆಯೇ ಒಯ್ದರು, ಅರಮನೆ ಪಲ್ಲಕ್ಕಿ ಕಳಿಸಿ ತರಿಸಿಕೊಂಡಿತು. ಒಂದೂ ಮರಳಲಿಲ್ಲ. ವೈದ್ಯದ ಕಟ್ಟುಗಳಲ್ಲಿ ಕೊನೆಗೆ ಉಳಿದದ್ದು ಒಂದು. ಆ ವರ್ಷ ಪೇಟೆಯ ಕೂಸುಗಳಿಗೆ ಜ್ವರ ಬಂತು. ಭಂಡಾರ ಕಾಯುತ್ತಿದ್ದ ನಾಗಲಬ್ಬೆಯೆಂಬ ಜೈನ ವಿಧವೆ ದಿನವೂ ಆ ಕಟ್ಟು ಬಿಚ್ಚಿ, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದ ತಾಯಂದಿರ ಎದುರು ಕೂತು, ಒಂದೊಂದು ಕೂಸಿನ ಲಕ್ಷಣ ನೋಡಿ ಅದಕ್ಕೆ ತಕ್ಕ ಕಷಾಯವನ್ನು ಓದಿ ಹೇಳುತ್ತಿದ್ದಳು.

ನಾಯಕನ ಒಬ್ಬಳೇ ಮಗಳಿಗೂ ಜ್ವರವೇರಿತು. ಅರಮನೆಯ ಊಳಿಗದವ ಬಂದು ಕಟ್ಟು ಕೇಳಿದ. ಕೊಡಲಿಲ್ಲ.

"ಯಾಕವ್ವ, ಅರಮನೆಗೆ ಬರೋದಕ್ಕೆ ನಿನ್ನ ಗರಿಗಳಿಗೆ ನಾಚಿಕೆಯೇ?"

"ಹೋಗೋದಕ್ಕೆ ನಾಚಿಕೆಯಿಲ್ಲ ಕಣಪ್ಪ. ತಿರುಗಿ ಬರೋ ದಾರಿಯೇ ಅವಕ್ಕೆ ಮರೆತುಹೋಗುತ್ತೆ."

ನಾಯಕ ತಾನೇ ಬಂದ. ಸೊಂಟದಲ್ಲಿ ಕತ್ತಿಯಿತ್ತು, ದನಿ ಮಾತ್ರ ಒಡೆದಿತ್ತು ಎನ್ನುತ್ತಾರೆ. "ಅವ್ವಾ, ನನ್ನ ಕೂಸು ಸಾಯ್ತಿದೆ."

"ಇವರವೂ ಸಾಯ್ತಿವೆ, ದೊರೆ. ಕಟ್ಟು ಅರಮನೆಗೆ ಬಂದರೆ ನಿಮ್ಮದೊಂದೇ ಉಳಿದೀತು. ಕೂಸೇ ಇಲ್ಲಿಗೆ ಬರಲಿ."

ಬಂತು. ನೆಲದ ಮೇಲೆ ತಾಯಂದಿರ ನಡುವೆ ಜಾಗವಿರಲಿಲ್ಲ. ಅರಮನೆಯ ತೊಟ್ಟಿಲನ್ನು ನಡುತೊಲೆಗೆ ತೂಗಿಹಾಕಿದರು. ಸರಪಳಿ ಉಜ್ಜಿದ ಗುರುತು ಆ ಕಲ್ಲುತೊಲೆಯಲ್ಲಿ ಈಗಲೂ ಇದೆ. ಒಳಗೆ ಹೋದವರು ತಲೆಯೆತ್ತಿದರೆ ಕಾಣುತ್ತದೆ, ಅದರ ಕೆಳಗೆ ನಿಂತವರ ದನಿ ತಾನಾಗಿ ತಗ್ಗುತ್ತದೆ. ದೊರೆಮಗಳ ಜ್ವರ ಇಳಿಯಿತು. ಅಂದು ಬಿಲ್ಲಪ್ಪನಾಯಕ, ಈ ಕಟ್ಟನ್ನು ಆನೆಯ ಮೇಲಿರಿಸಿ ಅರಮನೆಯ ದೇವರಮನೆಗೆ ಒಯ್ಯುತ್ತೇನೆಂದು ಭಕ್ತಿಯಿಂದಲೇ ಎರಡೂ ಕೈ ಚಾಚಿದ. ನಾಗಲಬ್ಬೆ ಕಾದು ಕೂತಿದ್ದ ಕುಂಬಾರರ ಹೆಂಗಸೊಬ್ಬಳನ್ನು ಹತ್ತಿರ ಕರೆದು, ಅವಳ ಕೂಸಿನ ಹಣೆ ಮುಟ್ಟಿ ನೋಡಿ, ಗರಿ ತಿರುವಿ ಓದತೊಡಗಿದಳು.