ಬಾರದಹೇರು

ಹೆಗ್ಗೊಂದಿ ಕಣಿವೆಯ ಮೂಡಣ ಗುಡ್ಡದಲ್ಲಿ ಈಗ ಸೈಕಲ್ ಜಾಡುಗಳಿವೆ. ದಪ್ಪ ಟೈರಿನ ಸೈಕಲ್ಲುಗಳನ್ನು ಜೀಪಿನ ಬೆನ್ನಿಗೆ ಕಟ್ಟಿಕೊಂಡು ಹುಡುಗರು, ಹುಡುಗಿಯರು ಬರುತ್ತಾರೆ. ಗಾಳಿಯಂತ್ರದ ಕಂಬಗಳಿಗೆಂದು ಹಾಕಿದ ರಸ್ತೆಯಲ್ಲಿ ಜೀಪು ಅವರನ್ನು ನೆತ್ತಿಗೆ ಮುಟ್ಟಿಸುತ್ತದೆ. ಅಲ್ಲಿಂದ ಸೈಕಲ್ ಹತ್ತಿ ಕಣಿವೆಗೆ ಇಳಿಯುತ್ತಾರೆ. ಬಂಡೆಗಳ ಮೇಲೆ ಹಸಿರು, ನೀಲಿ, ಕೆಂಪು ಬಣ್ಣ ಬಳಿದು ಯಾವ ಜಾಡು ಸುಲಭ, ಯಾವುದು ಕಷ್ಟ ಎಂದು ಗುರುತು ಮಾಡಿದ್ದಾರೆ. ಇವೆಲ್ಲ ಇತ್ತೀಚೆಗೆ ಕಡಿದವು. ಒಂದು ಮಾತ್ರ ಹಳೆಯದು. ಅದರ ತಿರುವುಗಳು ಎಲ್ಲಿ ಬರಬೇಕೋ ಅಲ್ಲೇ ಬರುತ್ತವೆ, ಬ್ರೇಕ್ ಹಿಡಿಯುವ ಕೆಲಸವೇ ಇಲ್ಲ ಎಂದು ಸವಾರರು ಹೊಗಳುತ್ತಾರೆ. ಯಾವ ಎಂಜಿನಿಯರ್ ಮಾಡಿದ್ದು ಎಂದು ಕೇಳುತ್ತಾರೆ. ಮಾಡಿದ್ದು ಒಂದು ಕತ್ತೆ. ಆ ಜಾಡಿಗೆ ನಮ್ಮ ಊರಿನವರು ಬಾರದಹೇರು ಎನ್ನುತ್ತಾರೆ. ಹೆಸರು ಬಂದ ಬಗೆ ಹೀಗೆ.

ಹಿಂದೆ ಒಮ್ಮೆ ಈ ಗುಡ್ಡದ ಮೇಲೆ ಬೊಮ್ಮನಾಯಕ ಎಂಬ ಪಾಳೆಯಗಾರನ ಕೋಟೆಯಿತ್ತು. ದೊಡ್ಡದೇನಲ್ಲ. ಮೂಡಣ ದಿಕ್ಕಿಗೆ ಒಂದೇ ಬಾಗಿಲು, ಒಂದೇ ದಾರಿ. ಪಡುವಣಕ್ಕೆ ಕಾಡು ಮುಚ್ಚಿದ ಕಡಿದಾದ ಇಳಿಜಾರು, ಅದರ ಬುಡದಲ್ಲಿ ಕಣಿವೆ. ಬಯಲಿನ ದೊರೆಯೊಬ್ಬ ದಂಡು ಕೂಡಿಸುತ್ತಿದ್ದಾನೆ ಎಂಬ ಸುದ್ದಿ ಬಂದಾಗ ನಾಯಕ ಹಿಂಬದಿಗೊಂದು ಗುಟ್ಟಿನ ದಾರಿ ಬೇಕೆಂದ. ಕಣಿವೆಯಲ್ಲಿ ಆಗ ಭೋವಿಗಳ ಬಿಡಾರವೊಂದು ಕೆರೆಯ ಏರಿ ಹಾಕುತ್ತಿತ್ತು. ಕತ್ತೆಗಳೊಂದಿಗೆ ಊರೂರು ಸುತ್ತಿ ಮಣ್ಣು, ಕಲ್ಲಿನ ಕೆಲಸ ಮಾಡುವ ಜನ. ಅವರಲ್ಲಿ ಪೋತ ಎಂಬವನನ್ನು ನಾಯಕ ಕರೆಸಿದ. ಪೋತ ದಾರಿ ಹಾಕುವ ಬಗೆ ಸರಳ. ಅವನಿಗೆ ಬೂದಿ ಎಂಬ ಹೆಣ್ಣು ಕತ್ತೆ ಇತ್ತು. ಅದರ ಬೆನ್ನಿಗೆ ಮರಳು ತುಂಬಿದ ಜೋಡಿಚೀಲ ಹೇರಿ ಗುಡ್ಡಕ್ಕೆ ಬಿಡುತ್ತಿದ್ದ. ಭಾರ ಹೊತ್ತ ಕತ್ತೆ ತನಗೆ ಆಗದ ಏರನ್ನು ಏರುವುದಿಲ್ಲ, ಓರೆಯಾಗಿ ಹೋಗುತ್ತದೆ, ಸಾಕೆನಿಸಿದಲ್ಲಿ ತಿರುಗುತ್ತದೆ. ಪೋತ ಹಿಂದೆ ಸುಣ್ಣ ಚೆಲ್ಲುತ್ತ ಹೋಗಿ, ಆ ಗೆರೆಯ ಮೇಲೆ ಕಲ್ಲು ಕಿತ್ತು ದಾರಿ ಕಡಿಯುತ್ತಿದ್ದ. ನೆತ್ತಿ ಮುಟ್ಟಿದ ಮೇಲೆ ಚೀಲ ಇಳಿಸುತ್ತಿದ್ದ. ಹೀಗೆ ದಾರಿ ಮುಗಿಯಿತು.

ದಾರಿ ಮುಗಿದ ಮೇಲೆ ನಾಯಕ ಅವನನ್ನು ಕೆಳಗೆ ಬಿಡಲಿಲ್ಲ. ಹೊಡೆಯಲಿಲ್ಲ, ಕಟ್ಟಲೂ ಇಲ್ಲ. ಊಟ ಕೊಟ್ಟ, ಮಲಗಲು ಜಾಗ ಕೊಟ್ಟ. ಗುಟ್ಟು ತಿಳಿದವನು ಕೋಟೆಯೊಳಗೇ ಇರಬೇಕು, ಅಷ್ಟೆ. ಕೆಳಗಿನ ಬಿಡಾರದಲ್ಲಿ ಪೋತನ ಹೆಂಡತಿ ಪೆದ್ದಕ್ಕ ಇದ್ದಳು, ತಾಯಿ ಸುಂಕವ್ವ ಇದ್ದಳು, ಬೂದಿಯ ಹಾಲು ಬಿಡದ ಮರಿಯೂ ಇತ್ತು. ದಂಡು ಹೋಗಲಿ, ಕಳಿಸಿಕೊಡುತ್ತೇನೆ ಎಂದು ನಾಯಕ ಮಾತು ಕೊಟ್ಟಿದ್ದನಂತೆ.

ದಂಡು ಬಂತು. ಬಂದದ್ದು ಹೋಗಲಿಲ್ಲ. ಮೂಡಣ ಬಾಗಿಲ ಮುಂದೆ ಗುಡಾರ ಹೊಡೆದು ಕೂತಿತು. ಕೋಟೆಯ ಕಣಜ ಬರಿದಾಯಿತು. ದನ ಕೊಯ್ದರು, ಕುದುರೆ ಕೊಯ್ದರು. ಕಣಿವೆಯ ರೈತರು ನಾಯಕನ ಕಡೆಯವರೇ. ಅವರ ಹೊಲಗಳಲ್ಲಿ ನೆಲದೊಳಗಿನ ಹಗೇವುಗಳ ತುಂಬ ರಾಗಿ, ನವಣೆ ಇತ್ತು. ಮೇಲಕ್ಕೆ ತರುವ ದಾರಿ ಅವರಿಗೆ ತಿಳಿದಿರಲಿಲ್ಲ. ಇಳಿದವರು ಹಿಂದಿರುಗಲಾರರು, ಗುಟ್ಟು ಬಿಟ್ಟುಕೊಟ್ಟಾರು ಎಂದು ನಾಯಕ ಕೋಟೆಯಿಂದಲೂ ಯಾರನ್ನೂ ಕೆಳಗೆ ಬಿಡುತ್ತಿರಲಿಲ್ಲ. ಕಡೆಗೆ ಬೂದಿಯನ್ನು ಕೊಯ್ಯಲು ಆಳುಗಳು ಬಂದಾಗ ಪೋತ ನಾಯಕನ ಎದುರು ಹೋಗಿ ನಿಂತ.

"ದೊರೆ, ಇದನ್ನ ಕೊಯ್ದರೆ ಎರಡು ಹೊತ್ತಿನ ಊಟ. ಕೆಳಗೆ ಬಿಟ್ಟರೆ ಹೇರು ತರ್ತದೆ."

"ಹೋದದ್ದು ವಾಪಸ್ ಬರ್ತದೇನೋ?"

"ಹೋಗೋದು ಮರಿಗೋಸ್ಕರ. ಬರೋದು ಹೇರಿಗೋಸ್ಕರ. ಬೆನ್ನಿಗೆ ಭಾರ ಬಿತ್ತು ಅಂದ್ರೆ ಇಳಿಸೋ ಜಾಗಕ್ಕೇ ಬರ್ತದೆ. ಬರಿಬೆನ್ನಲ್ಲಿ ಬರೋದಿಲ್ಲ. ಅದಕ್ಕಿಂತ ನಾನೇ ಹೋಗಿ ಹೊರಿಸ್ಕೊಂಡು ಬರ್ತೀನಿ, ಬಿಡಿ."

ನಾಯಕ ನಕ್ಕನಂತೆ. "ಲೇ ಪೋತ, ಕೆಳಗೆ ಅನ್ನ ಇದೆ, ಹೆಂಡತಿ ಇದ್ದಾಳೆ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಬರ್ತಿರಲಿಲ್ಲ. ಕತ್ತೇನೇ ಹೋಗಲಿ."

ಒಂದು ಅಡಚಣೆಯಿತ್ತು. ಆ ಬಿಡಾರದವರಲ್ಲಿ ಒಂದು ರೂಢಿ. ದೂರದ ಕೆಲಸಕ್ಕೆ ಹೋದವನು ಅಲ್ಲೇ ತೀರಿಕೊಂಡರೆ ಅವನ ಕತ್ತೆಯನ್ನು ಬರಿದಾದ ಚೀಲದೊಂದಿಗೆ ಮನೆಗೆ ಅಟ್ಟುತ್ತಿದ್ದರು. ಹೇಳಿಕಳಿಸಲು ಬೇರೆ ಆಳು ಎಲ್ಲಿ? ಚೀಲದಲ್ಲಿ ಒಂದು ಹಿಡಿ ಕಾಳಿದ್ದರೆ ಬದುಕಿದ್ದಾನೆ, ಬೇಕಾದ್ದನ್ನು ತುಂಬಿ ಕಳಿಸಿ ಎಂದು ಅರ್ಥ. ಏನೂ ಇಲ್ಲದಿದ್ದರೆ ಅವನಿಲ್ಲ. ಪೋತ ಇದನ್ನು ಹೇಳಿ ಒಂದು ಹಿಡಿ ಕಾಳು ಕೇಳಿದ. ಕಣಜದ ನೆಲ ಗುಡಿಸಿದರು. ಕಸ ಆರಿಸಿದಾಗ ಹಿಡಿಯಷ್ಟು ನವಣೆ ಸಿಕ್ಕಿತು. ಪೋತ ಅದನ್ನು ಚೀಲದ ಮೂಲೆಯಲ್ಲಿ ಗಂಟು ಹಾಕಿದ. ಬೂದಿಯನ್ನು ಕೊನೆಯ ತಿರುವಿನವರೆಗೆ ನಡೆಸಿಕೊಂಡು ಬಂದು ಬೆನ್ನು ತಟ್ಟಿ ಬಿಟ್ಟ. ಅದು ಹಿಂದಿರುಗಿ ನೋಡದೆ ಇಳಿಯಿತು.

ದಾರಿಯ ನಡುವೆ ಒಂದು ಕಾವಲಿತ್ತು. ಅಲ್ಲಿದ್ದವನ ಹೆಸರು ಕಾಟ. ಕೆಳಗಿನಿಂದ ಯಾರೂ ಬಾರದಂತೆ, ಮೇಲಿನಿಂದ ಯಾರೂ ಹೋಗದಂತೆ ನೋಡುವುದು ಅವನ ಕೆಲಸ. ಕತ್ತೆ ಬರುತ್ತದೆ, ಬಿಡು ಎಂದು ಅವನಿಗೆ ಹೇಳಿದ್ದರು. ಚೀಲದಲ್ಲಿ ಕಾಳಿದೆ, ಅದು ಯಾಕಿದೆ ಎಂದು ಹೇಳಿರಲಿಲ್ಲ. ಕಾವಲಿನವನಿಗೆ ಭೋವಿಗಳ ರೂಢಿ ಹೇಳಬೇಕೆಂದು ಯಾರಿಗೂ ತೋಚಲಿಲ್ಲ. ಅವನ ಹೊಟ್ಟೆ ಅನ್ನ ಕಂಡು ಬಹಳ ದಿನವಾಗಿತ್ತು. ಕತ್ತೆಯನ್ನು ನಿಲ್ಲಿಸಿ ಚೀಲ ತಡವಿದ. ಮೂಲೆಯಲ್ಲಿ ಗಂಟು ಸಿಕ್ಕಿತು.

"ನಿನಗ್ಯಾಕೆ ತಾಯಿ ಇದು? ನಿನಗೆ ದಾರಿ ತುಂಬ ಹುಲ್ಲಿದೆ" ಎಂದು ಕತ್ತೆಗೆ ಹೇಳಿ, ಗಂಟು ಬಿಚ್ಚಿ, ಹಸಿ ನವಣೆಯನ್ನು ಬಾಯಿಗೆ ಹಾಕಿಕೊಂಡ. ಮೇಲೆ ಒಂದು ಬೊಗಸೆ ನೀರು ಕುಡಿದ. ಬೂದಿ ಇಳಿದು ಹೋಯಿತು.

ಬಿಡಾರದಲ್ಲಿ ಅದನ್ನು ಮೊದಲು ಕಂಡದ್ದು ಮರಿ. ಅದು ಹಗ್ಗ ಜಗ್ಗಿ ಕೂಗಿತು. ಪೆದ್ದಕ್ಕ ಓಡಿ ಬಂದಳು. ಕತ್ತೆಯ ಹಿಂದೆ ಯಾರೂ ಇರಲಿಲ್ಲ. ಚೀಲ ಇಳಿಸಿ ಕೈ ಹಾಕಿದಳು, ತಿರುವಿ ಹಾಕಿದಳು, ಕೊಡವಿದಳು. ಒಂದು ಮೂಲೆ ಗಂಟು ಬಿದ್ದು ಬಿಚ್ಚಿದಂತೆ ಸುಕ್ಕಾಗಿತ್ತು. ಹಳೆಯ ಚೀಲಕ್ಕೆ ಸುಕ್ಕು ಇದ್ದೇ ಇರುತ್ತದೆ. ಅವಳು ಚೀಲವನ್ನು ಅತ್ತೆಯ ಕೈಗೆ ಕೊಟ್ಟಳು.

"ನೀನೂ ಒಂದ್ಸಲ ನೋಡತ್ತೆ. ನನ್ನ ಕಣ್ಣಿಗೆ ಕಾಣ್ತಿಲ್ಲ."

ಸುಂಕವ್ವ ಹೊಲಿಗೆಗಳಲ್ಲಿ ಬೆರಳಾಡಿಸಿ ನೋಡಿದಳು. "ಇದ್ರೆ ತಾನೇ ಕಾಣೋದು" ಎಂದಳು. ಆಮೇಲೆ ಅವಳೇ ಸೊಸೆಯ ಬಳೆ ಒಡೆದಳು.

ಸಾವಿನ ಸುದ್ದಿ ಬಂದ ಜಾಗದಲ್ಲಿ ಅವರು ಒಲೆ ಹಚ್ಚುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಗುಡಾರ ಕಿತ್ತರು. ಏರಿಯ ಕೆಲಸ ಅರ್ಧಕ್ಕೆ ನಿಂತಿತು. ಬೂದಿಯ ಮೇಲೆ ಹಾರೆ, ಗುದ್ದಲಿ, ಮಡಕೆ ಹೇರಿದರು. ಭಾರ ಬಿದ್ದೊಡನೆ ಅದು ಗುಡ್ಡದ ಕಡೆ ಮುಖ ಮಾಡಿ ನಡೆಯತೊಡಗಿತು. ಹೊಡೆದು ತಿರುಗಿಸಿದರು. ಮತ್ತೆ ಗುಡ್ಡಕ್ಕೇ ತಿರುಗಿತು. ಒಡೆಯನ ಹೆಣದ ಹತ್ತಿರ ಹೋಗಲು ನೋಡುತ್ತಿದೆ ಎಂದು ಹೆಂಗಸರು ಅತ್ತರು. ಮರಿಯನ್ನು ಮುಂದೆ ಮಾಡಿ, ಮೂಗಿಗೆ ಹಗ್ಗ ಬಿಗಿದು, ಎಳೆದುಕೊಂಡು ಕಣಿವೆ ದಾಟಿ ಹೋದರು.

ಪೋತ ಕೊನೆಯ ತಿರುವಿನಲ್ಲಿ ಕೂತಿದ್ದ. ಮೊದಮೊದಲು ಕೋಟೆಯ ಹೆಂಗಸರು, ಮಕ್ಕಳೂ ಬಂದು ಅವನ ಸುತ್ತ ಕೂರುತ್ತಿದ್ದರು. ಬರುಬರುತ್ತ ಬರಲು ಕಾಲಿದ್ದವರು ಕಡಿಮೆಯಾದರು. ಕಾವಲು ಬದಲಾಗಿ ಮೇಲೆ ಬಂದ ಕಾಟನೂ ಒಮ್ಮೆ ಪಕ್ಕದಲ್ಲಿ ಕೂತ. ಯಾಕೆ ತಡ ಎಂದು ಯಾರೋ ಕೇಳಿದ್ದಕ್ಕೆ ಪೋತ, "ಕಾಳು ನೋಡಿದ್ಲು ಅಂದ್ರೆ ತುಂಬೇ ತುಂಬ್ತಾಳೆ. ನನ್ನ ಹೆಂಡತಿ ಸ್ವಲ್ಪ ನಿಧಾನ, ಅಷ್ಟೆ" ಎಂದು ಕಾಳಿನ ವಿಷಯವೆಲ್ಲ ಹೇಳಿದ. ಕಾಟನಿಗೆ ಆಗ ತಿಳಿಯಿತು. ಅವನು ಬಾಯಿ ಬಿಡಲಿಲ್ಲ. ಹೇಳಿದ್ದರೆ ನಾಯಕ ತಲೆ ತೆಗೆಯುತ್ತಿದ್ದ. ಆ ಹೊತ್ತಿಗೆ ಹೇಳಿಯೂ ಪ್ರಯೋಜನವಿರಲಿಲ್ಲ ಎಂದು ಕೆಲವರು ಅವನ ಪರ ಮಾತಾಡುತ್ತಾರೆ. ಇರಬಹುದು.

ಕಡೆಗೆ ನಾಯಕನೇ ಗೋಡೆ ಹಿಡಿದುಕೊಂಡು ಬಂದ.

"ಬಂತೇನೋ?"

"ಬರ್ತದೆ ದೊರೆ."

"ಕಾವಲಿನವರೆಲ್ಲ ಮಲಗಿಬಿಟ್ರು. ನಿನ್ನ ತಡೆಯೋರು ಯಾರೂ ಇಲ್ಲ. ಹೋಗೋ. ಈಗಲೇ ಹೋದ್ರೆ ಬದುಕ್ತೀಯ."

"ಈಗ ಹೋಗಬಾರದು. ಅದು ಹೇರು ಹೊತ್ತು ಏರ್ತಾ ಇರ್ತದೆ. ನಡುದಾರೀಲಿ ನಾನು ಎದುರಾದ್ರೆ, ಇಳಿಸೋ ಜಾಗ ಬಂತು ಅಂತ ನಿಂತುಬಿಡ್ತದೆ. ಆಮೇಲೆ ಕೊಂದರೂ ಏರೋದಿಲ್ಲ. ಅಷ್ಟು ಕೆಳಗಿಂದ ಕಾಳು ಹೊತ್ತು ತರೋರು ಯಾರಿದ್ದಾರೆ ಇಲ್ಲಿ?"

ಬಿಟ್ಟರೆ ಬರುವುದಿಲ್ಲ ಎಂದು ನಾಯಕ ಯಾರ ಬಗ್ಗೆ ಹೇಳಿದ್ದನೋ ಅವನು ಈಗ ಅಟ್ಟಿದರೂ ಹೋಗಲೊಲ್ಲ. ಇಬ್ಬರೂ ಅಲ್ಲೇ ಕೂತರು.

ಮೂಡಣ ಬಾಗಿಲನ್ನು ಒಳಗಿನಿಂದ ತೆರೆದವನು ಕಾಟ. ದಂಡು ಒಳಬಂದಾಗ ಕಾದಾಡುವವರು ಯಾರೂ ಇರಲಿಲ್ಲ. ಪಡುವಣ ತಿರುವಿನಲ್ಲಿ ಎರಡು ಹೆಣಗಳು ಸಿಕ್ಕವು. ಒಂದು ಗೋಡೆಗೆ ಒರಗಿತ್ತು. ಇನ್ನೊಂದು ದಾರಿಯ ಕಡೆ ಮುಖ ಮಾಡಿ ಕೂತಲ್ಲೇ ಇತ್ತು. ಗೆದ್ದವರಿಗೆ ಕೋಟೆಯಲ್ಲಿ ಕೊಳ್ಳೆ ಹೊಡೆಯುವಂಥದ್ದು ಏನೂ ಕಾಣಲಿಲ್ಲ. ಗೋಡೆ ಕೆಡವಿ ಹೋದರು. ಕಾಟ ಕಣಿವೆಗೆ ಇಳಿದು ಮುಪ್ಪಿನವರೆಗೂ ಬದುಕಿದ. ಈ ಕತೆ ಹೊರಬಂದದ್ದು ಅವನ ಬಾಯಿಂದಲೇ. ಬಿಡಾರದವರನ್ನು ಹುಡುಕಿ ಪೆದ್ದಕ್ಕನಿಗೆ ತಿಳಿಸಬೇಕೆಂದು ಅವನು ಒಮ್ಮೆ ಹೊರಟನಂತೆ. ಅವಳು ಬೇರೆ ಊರಿನಲ್ಲಿ ಕೂಡಿಕೆ ಮಾಡಿಕೊಂಡು ಮಕ್ಕಳೊಂದಿಗಳಾಗಿದ್ದಾಳೆ ಎಂದು ದಾರಿಯಲ್ಲಿ ಕೇಳಿ ಅರ್ಧದಿಂದ ಹಿಂದಿರುಗಿದ. ಅವಳು ಬಳೆ ಒಡೆದ ದಿನ ಗಂಡ ಮೇಲೆ ಜೀವಂತ ಕೂತಿದ್ದನೆಂದು ಯಾವ ಬಾಯಿಂದ ಹೇಳುವುದು? ಅವಳಿಗೆ ಕಡೆಗೂ ಗೊತ್ತಾಗಲಿಲ್ಲ ಎನ್ನುತ್ತಾರೆ.

ಕೋಟೆಯಲ್ಲಿ ಈಗ ಮೊಳಕಾಲೆತ್ತರದ ಗೋಡೆಯೊಂದು ಉಳಿದಿದೆ. ಸವಾರರು ಅದಕ್ಕೆ ಸೈಕಲ್ ಒರಗಿಸಿ ನೀರು ಕುಡಿಯುತ್ತಾರೆ. ದಾರಿಯನ್ನು ಮುಚ್ಚಿದ್ದ ಕಾಡು ಈಗಿಲ್ಲ. ಪೋತ ಕೂತಿದ್ದ ತಿರುವಿನಿಂದ ಜಾಡು ಬುಡದವರೆಗೂ ಕಾಣುತ್ತದೆ, ಎಲ್ಲೂ ಮರೆಯಿಲ್ಲ. ಕೆಳಗೆ ಯಾರಾದರೂ ಏರತೊಡಗಿದರೆ ಇಲ್ಲಿಂದ ಅರ್ಧ ದಿನ ನೋಡುತ್ತ ಕೂರಬಹುದು. ಈಗ ಯಾರೂ ಏರುವುದಿಲ್ಲ. ಇಳಿಯುವ ಸೈಕಲ್ಲಿಗೆ ಎದುರು ಬಂದರೆ ಅಪಾಯವೆಂದು ಬುಡದಲ್ಲಿ ಕಬ್ಬಿಣದ ಹಲಗೆ ನೆಟ್ಟಿದ್ದಾರೆ. ಇದು ಇಳಿಯಲು ಮಾತ್ರ, ಇಲ್ಲಿಂದ ಮೇಲೆ ಹತ್ತಬಾರದು ಎಂದು ಅದರ ಮೇಲೆ ಬರೆದಿದೆ.